ಕಲ್ಲುಗುಡ್ಡೆಯ ಮೂಲಪುರುಷ

ಎರಡನೇ ಮಗಳಿಗೆ ತಂದೆಯ ತಾಯಿಯ ಹೆಸರು. ಅದರಲ್ಲಿ ಅನುಮಾನವಿಲ್ಲ. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಹಿರಿಮಗಳಿಗೆ ತಾಯಿಯ ತಾಯಿಯದು, ಎರಡನೆಯವಳಿಗೆ ತಂದೆಯ ತಾಯಿಯದು. ಈ ಮನೆತನದಲ್ಲಿ ಯಾರೂ ಮುರಿಯದ ಕ್ರಮ. ಹಾಗಿದ್ದರೆ ಮೂಲಪುರುಷನ ಮಗ ಯಾಕೋಬನ ಎರಡನೇ ಮಗಳು ಮಾರ್ಗರೀತ ಆಗಬೇಕಿತ್ತಲ್ಲ, ಎವಾ ಏಕಾದಳು? ಯಾಕೋಬನ ತಂಗಿಯ ಹಿರಿಮಗಳೂ ಎವಾ. ಅಣ್ಣ ತಂಗಿ ಬೇರೆ ಬೇರೆ ಕಣಿವೆಗಳಲ್ಲಿ ಕೂತು, ತಮ್ಮನ್ನು ಹೆತ್ತವಳನ್ನು ನೆನೆದು ಒಂದೇ ಹೆಸರಿಟ್ಟಿದ್ದಾರೆ ಎಂದರೆ ಅವರನ್ನು ಹೆತ್ತವಳು ಎವಾ. ಮೂಲಪುರುಷನ ಜೊತೆ ಫ್ರಾನ್ಸಿನಿಂದ ಹಡಗು ಹತ್ತಿ ಬಂದ ಅವನ ಹೆಂಡತಿ ಮಾರ್ಗರೀತ ಅಲ್ಲ. ಮನೆತನದ ಹೆಸರಿಲ್ಲದೆ ಬರೀ ಎವಾ ಎಂದು ಕರೆಸಿಕೊಂಡವರು ಆ ಕಾಲದ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ಎಂಥವರು? ದೀಕ್ಷಾಸ್ನಾನ ಮಾಡಿಸಿ ಅಡುಗೆಮನೆಗೆ ಸೇರಿಸಿಕೊಂಡ, ಆ ನೆಲದ ಮೂಲನಿವಾಸಿ ಖೋಯ್ ಹುಡುಗಿಯರು. ಇದನ್ನು ಅಪ್ಪನಿಗೆ, ಪಾಗೆ, ಹೇಳಬೇಕೇ? ಇವತ್ತು ಹೇಳದಿದ್ದರೆ ಇನ್ನು ಯಾವತ್ತು?

ಹಾಲಿನ ಬಕೆಟ್ಟನ್ನು ಅಡುಗೆಮನೆಯ ಹೊಸ್ತಿಲಲ್ಲಿಟ್ಟು ರೈನಿಯರ್ ಕೈ ತೊಳೆದುಕೊಂಡ. ಎರಡು ತಿಂಗಳ ಹಿಂದೆ ವಿಶ್ವವಿದ್ಯಾಲಯ ಮುಗಿಸಿ ಬಂದವನಿಗೆ ಅಪ್ಪ ಕೊಟ್ಟ ಮೊದಲ ಕೆಲಸ ದು ಮಾರ್ನೆ ಮನೆತನದ ವಂಶಾವಳಿಯನ್ನು ಹೊಂದಿಸಿ ಬರೆಯುವುದು. ಮೂಲಪುರುಷ ಎತಿಯೆನ್ ದು ಮಾರ್ನೆ ಕೇಪ್ ದಡಕ್ಕೆ ಇಳಿದು ಈ ಅಕ್ಟೋಬರಿಗೆ ಮುನ್ನೂರು ವರ್ಷ. ದೇಶದ ಮೂಲೆಮೂಲೆಯ ದು ಮಾರ್ನೆಗಳೆಲ್ಲ ಬಿಟ್ಟರ್‌ಫ್ಲೇ ಎಂಬ ಈ ಹೊಲದ ಮನೆಗೆ ಬರುವವರಿದ್ದರು. ಅಂಗಳದಲ್ಲಿ ಕಪ್ಪು ಕಲ್ಲಿನ ಸ್ಮಾರಕ ಆಗಲೇ ನಿಂತಿತ್ತು. ಅದರ ಬುಡದಲ್ಲಿ ಪೆಟ್ಟಿಗೆ ಇಳಿಸುವಷ್ಟು ಜಾಗ ಬಿಟ್ಟಿದ್ದರು. ಪೆಟ್ಟಿಗೆಯೊಳಗೆ ಇರಬೇಕಾದವನನ್ನು ಇವತ್ತು ಅಗೆದು ತೆಗೆಯಬೇಕಿತ್ತು.

ಅಪ್ಪ ಬಾರೆಂಡ್ ಮೇಜಿನ ತುದಿಯಲ್ಲಿ ಕೂತು ಜೋಳದ ಗಂಜಿಗೆ ಬೆಣ್ಣೆ ಕಲಸುತ್ತಿದ್ದ.

"ಪ್ರೊಫೆಸರ್ ಬಂದ್ರು. ಹಾಲು ಕರೆಯೋಕೆ ಡಿಗ್ರಿ ಬೇಡಪ್ಪ, ಕೈ ಸಾಕು. ಎಲ್ಲಿಗೆ ಬಂತು ಪಟ್ಟಿ?"

"ಯಾಕೋಬನ ಹತ್ರ ಇದೀನಿ ಪಾ."

"ಇನ್ನೂ ಯಾಕೋಬನ ಹತ್ರಾನಾ? ಅವನು ಸತ್ತೇ ಇನ್ನೂರೈವತ್ತು ವರ್ಷ ಆಯ್ತು."

ಅಣ್ಣ ಸಾರೆಲ್ ನಗಲಿಲ್ಲ. ಅಂಗೋಲಾ ಗಡಿಯಲ್ಲಿ ಎರಡು ವರ್ಷ ಸೈನಿಕನಾಗಿದ್ದು ಬಂದಮೇಲೆ ಅವನು ಊಟದ ಮೇಜಿನಲ್ಲಿ ನಗುವುದನ್ನು ಬಿಟ್ಟಿದ್ದ. ಚಾಕುವಿನ ತುದಿಯಿಂದ ಉಗುರು ಕೆರೆಯುತ್ತಿದ್ದ. ಬೂಟಿನ ಪಕ್ಕ ಬಂದು ಮಲಗಿದ ನಾಯಿಯನ್ನು ಒಂದೇ ಒದೆತಕ್ಕೆ ಗೋಡೆಗೆ ಬಡಿದ. ನಾಯಿ ಕುಂಯ್‌ಗುಟ್ಟಿ ಹೊರಗೋಡಿತು. ಯಾರೂ ತಲೆ ಎತ್ತಲಿಲ್ಲ.

"ಬಾರೆಂಡ್," ಎಂದಳು ಔಮಾ ಅಲೆಟಾ, ಬಾರೆಂಡನ ತಾಯಿ; ಮೊಮ್ಮಕ್ಕಳಂತೆ ಅವನೂ ಅವಳನ್ನು ಔಮಾ, ಅಜ್ಜಿ, ಎಂದೇ ಕರೆಯುತ್ತಿದ್ದ. ರಸ್ಕನ್ನು ಕಾಫಿಯಲ್ಲಿ ಅದ್ದಿ ಹಿಡಿದಿದ್ದಳು. "ಆ ಗೋರಿ ಮುಟ್ಟಬೇಡ."

"ಶುರುವಾಯ್ತು," ಎಂದ ಬಾರೆಂಡ್.

"ಮುಟ್ಟಬೇಡ ಅಂದೆ, ಅಷ್ಟೆ."

"ಯಾಕೆ ಅಂತಾದ್ರೂ ಹೇಳಿ ಔಮಾ. ದೆವ್ವ ಬರುತ್ತಾ?"

"ನಮ್ಮತ್ತೆ ಹೇಳಿದ್ರು. ಮದುವೆಯಾಗಿ ಬಂದ ವಾರಾನೇ ಕೈ ಹಿಡ್ಕೊಂಡು ಕರ್ಕೊಂಡೋಗಿ ಒಂದು ಕಲ್ಲು ಇಡಿಸಿದ್ರು. ಈ ಕಡೆ ಬಂದಾಗೆಲ್ಲ ಒಂದು ಕಲ್ಲಿಡು, ಮುಟ್ಟಬೇಡ ಅಂದ್ರು."

"ಯಾರದು ಅಂತ ಹೇಳಿದ್ರಾ?"

"ಕೇಳೋ ಹಾಗಿರ್ಲಿಲ್ಲ."

"ನನ್ನ ಕೈಲೂ ನೀವು ಇಡಿಸಿದ್ರಲ್ಲ ಔಮಾ," ಎಂದಳು ಹೆಸ್ಟರ್, ಒಲೆಯ ಕಡೆಯಿಂದ ತಿರುಗದೆ.

"ನೀನು ಬ್ರೆಡ್ ಕೊಯ್ಯಿ," ಎಂದ ಬಾರೆಂಡ್ ಹೆಂಡತಿಗೆ. "ನೋಡಿ, ನೀವೇ ಹೇಳ್ತಿದೀರ. ತಲೆತಲಾಂತರದಿಂದ ಮನೆ ಹೆಂಗಸರು ಕಲ್ಲಿಟ್ಟು ಮರ್ಯಾದೆ ಮಾಡಿದಾರೆ. ಮೂಲಪುರುಷನಿಗಲ್ದೆ ಇನ್ಯಾರಿಗೆ ಅಷ್ಟು ದೊಡ್ಡ ಗುಡ್ಡೆ ಏಳುತ್ತೆ? ನಮ್ಮ ಸ್ಮಶಾನದ ಗೋಡೆ ಒಳಗಡೆ ಅದಕ್ಕಿಂತ ಹಳೇದು ಯಾವ್ದಿದೆ?"

ರೈನಿಯರ್ ಚಮಚ ಕೆಳಗಿಟ್ಟ. "ಪಾ..."

"ಏನು?"

ಸಾರೆಲ್ ಚಾಕು ನಿಲ್ಲಿಸಿ ನೋಡಿದ. ಔಮಾ ನೋಡಿದಳು.

"ಉಪ್ಪು," ಎಂದ ರೈನಿಯರ್.

ಬಾರೆಂಡ್ ಉಪ್ಪು ತಳ್ಳಿದ.

*

ಮನೆತನದ ಸ್ಮಶಾನ ಗೋಧಿ ಹೊಲದ ಮೇಲ್ಗಡೆ ಇತ್ತು. ಸುಣ್ಣ ಬಳಿದ ಗೋಡೆ ಮೂರು ಕಡೆ ನೇರವಾಗಿ ಬಂದು, ನಾಲ್ಕನೇ ಕಡೆ ಆ ಕಲ್ಲುಗುಡ್ಡೆಯನ್ನು ಒಳಗೆ ಸೇರಿಸಿಕೊಳ್ಳಲು ಹೊರಕ್ಕೆ ಬಾಗಿತ್ತು. ಗುಡ್ಡೆ ಆಳೆತ್ತರ. ಅಡಿಯ ಕಲ್ಲುಗಳು ಹಾವಸೆ ಕಟ್ಟಿ ಕಪ್ಪಾಗಿದ್ದವು, ಮೇಲಿನವು ಅಂಗೈಯಗಲದ ಹೊಸ ಕಲ್ಲುಗಳು.

ಅಗೆಯಲು ಬಂದವರು ಖೋಯ್ ಮೂಲದ ಆಳುಗಳಾದ ಮುದುಕ ಅಪೋಲ್ ಮತ್ತು ಅವನ ಮಗ ಫ್ಲೋರಿಸ್. ಅವರ ಮನೆ ಹೊಲದ ಕೆಳಗಿನ ಸಾಲಿನಲ್ಲಿ, ಯಾವ ಕಾಲದಿಂದಲೋ. ಹತ್ತು ಗಂಟೆಗೆ ಬಾರೆಂಡ್ ಎಂದಿನಂತೆ ತಗಡಿನ ಲೋಟದಲ್ಲಿ ಆಳುಗಳ ಪಾಲಿನ ವೈನ್ ಸುರಿದು ಕೊಟ್ಟ. ಫ್ಲೋರಿಸ್ ತನ್ನದನ್ನು ಅಪ್ಪನ ಲೋಟಕ್ಕೆ ಬಗ್ಗಿಸಿದ.

"ಯಾಕೋ, ಸನ್ಯಾಸಿ ಆದ್ಯಾ?" ಎಂದ ರೈನಿಯರ್ ಮೆಲ್ಲಗೆ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹೊಂಡದಲ್ಲಿ ಈಜಿದವರು.

"ಕಾತ್ರೈನ್ ಮೂಗು ನಾಯಿ ಮೂಗು, ಚಿಕ್ಕಬಾಸ್. ಹಿತ್ತಲ ಬಾಗ್ಲಲ್ಲಿ ನಿಂತ್ರೂ ಹಿಡೀತಾಳೆ. ಮಗೀಗೆ ದೀಕ್ಷೆ ಮಾಡ್ಸೋಗಂಟ ಮುಟ್ಟಲ್ಲ ಅಂತ ಆಣೆ ಮಾಡಿವ್ನಿ," ಎಂದ ಫ್ಲೋರಿಸ್, ಹೆಂಡತಿಯ ಮಾತೆತ್ತಿ.

ಮಧ್ಯಾಹ್ನದ ಹೊತ್ತಿಗೆ ಗುಡ್ಡೆ ಕರಗಿತು. ಕೆಳಗೆ ಸಿಕ್ಕಿದ್ದು ಉದ್ದನೆಯ ಕುಣಿಯಲ್ಲ, ಬಾವಿಯಂಥ ದುಂಡನೆಯ ಗುಂಡಿ. ಫ್ಲೋರಿಸ್ ಅದರೊಳಗೆ ಇಳಿದು ಕೈಯಿಂದ ಮಣ್ಣು ಬಳಿದು ಮೇಲೆ ಹಾಕತೊಡಗಿದ. ಮಣ್ಣು ಕೆಂಪಗಾಯಿತು, ಅರೆದ ಕಾವಿಯ ಕೆಂಪು. ಆಮೇಲೆ ತಲೆಬುರುಡೆ ಕಂಡಿತು. ಮಂಡಿಗಳು ಗಲ್ಲಕ್ಕೆ ತಾಗುವಂತೆ ಮಡಿಸಿ, ಕೈಗಳಿಂದ ಮೊಣಕಾಲು ತಬ್ಬಿ, ಆ ಜೀವ ಪೂರ್ವಕ್ಕೆ ಮುಖ ಮಾಡಿ ಕೂತಿತ್ತು. ಕೊರಳ ಸುತ್ತ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನಲ್ಲಿ ಕೊರೆದ ಬಿಳಿಮಣಿಗಳು. ಪೆಟ್ಟಿಗೆಯ ಒಂದು ಮೊಳೆಯೂ ಇರಲಿಲ್ಲ.

ಅಪೋಲ್ ಟೋಪಿ ತೆಗೆದು ಹಿಂದಕ್ಕೆ ಸರಿದ.

"ಮಣ್ಣು ಕುಸಿದು ಹೀಗಾಗಿದೆ," ಎಂದ ಬಾರೆಂಡ್. "ಹೆಣ ಕೆಳಕ್ಕೆ ಜಾರಿದೆ. ಪೆಟ್ಟಿಗೆ ಕರಗಿಹೋಗಿದೆ. ಎತ್ತಿ ಚೀಲಕ್ಕೆ ಹಾಕು."

ಫ್ಲೋರಿಸನಿಗೆ ನಗು ಬಂದುಬಿಟ್ಟಿತು. ಕೆಟ್ಟ ನಗುವಲ್ಲ. ಇಗರ್ಜಿಯಲ್ಲಿ ಮಕ್ಕಳಿಗೆ ಬರುವಂಥದ್ದು, ತಡೆದಷ್ಟೂ ಹೆಚ್ಚುವಂಥದ್ದು.

"ಬಾಸ್, ನಿಮ್ಮ ಮುತ್ತಾತ ಮಣಿಸರ ಹಾಕ್ಕಂಡು ಕುಂತವ್ನಲ್ಲ! ಇದು ಆತ ಅಲ್ಲ ಬಾಸ್, ಆವಮ್ಮ. ನಮ್ಮಜ್ಜೀನೂ ಹಿಂಗೇ ಕುಂಡ್ರಿಸಿ ಹೂತ್ರು, ಕೇಳಿ ಬೇಕಾರೆ. ಅಯ್ಯೋ ದೇವ್ರೇ, ಇಷ್ಟು ದಿನ ನೆಂಟ್ರ ಮನೇಲೇ ಕೂಲಿ ಮಾಡ್ತಿದ್ವಾ?"

"ಬಾಯ್ಮುಚ್ಚೋ," ಎಂದ ಅಪೋಲ್.

"ಇನ್ಮೇಲೆ ಬಾಸ್ ಅನ್ನಂಗಿಲ್ಲ ಅಪ್ಪ, ದೊಡ್ಡಪ್ಪ ಅನ್ನಬೇಕು." ಫ್ಲೋರಿಸ್ ನಗುತ್ತಲೇ ಗುಂಡಿಯೊಳಗಿಂದ ಸಾರೆಲ್ ಕಡೆ ಕೈ ಚಾಚಿದ. "ಸಾರೆಲಣ್ಣಾ, ಒಂದು ಕೈ ಕೊಡು, ಮೇಲಕ್ಕೆ ಬತ್ತೀನಿ."

ಸಾರೆಲ್ ಕೈ ಕೊಡಲಿಲ್ಲ. ಕಲ್ಲು ಮೀಟಲು ತಂದಿದ್ದ ಹಾರೆಯನ್ನು ಬಾರೆಂಡ್ ಎರಡೂ ಕೈಯಲ್ಲಿ ಎತ್ತಿದ. ಚಾಚಿದ ಕೈಯ ಮೇಲೆ ಮೊದಲ ಏಟು ಬಿತ್ತು. ಎರಡನೆಯದು ಕಿವಿಯ ಮೇಲ್ಗಡೆ. ಸೋರೆಬುರುಡೆ ಒಡೆದಂಥ ಶಬ್ದ. ಫ್ಲೋರಿಸ್ ಕೂತ ಎಲುಬುಗಳ ಮೇಲೆ ಕುಸಿದ. ಬಾಯಲ್ಲಿ ನಗು ಇನ್ನೂ ಆರಿರಲಿಲ್ಲ. ಬಾರೆಂಡ್ ಮತ್ತೆ ಎತ್ತಿದ. ಆಗ ಸಾರೆಲ್ ಹಿಂದಿನಿಂದ ಅವನ ಮೊಣಕೈ ಹಿಡಿದು, "ಸಾಕು ಪಾ, ಆಯ್ತು," ಎಂದ, ಕುರಿ ಕೊಯ್ಯುವಾಗ ಹೇಳುವಷ್ಟೇ ತಣ್ಣಗೆ.

ಅಪೋಲ್ ಗುಂಡಿಗೆ ಧುಮುಕಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. "ಬಾಸ್, ಗಾಡಿ ತರ್ಸಿ ಬಾಸ್, ಉಸಿರೈತೆ, ಉಸಿರೈತೆ."

"ಮೊದಲು ಎಲುಬು," ಎಂದ ಬಾರೆಂಡ್. "ಮೇಲಕ್ಕೆ ಕೊಡು. ಮೊದಲು ಎಲುಬು, ಆಮೇಲೆ ಅವನು."

ಮುದುಕ ಒಂದು ಕೈಯಲ್ಲಿ ಮಗನನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಎಲುಬುಗಳನ್ನು ಒಂದೊಂದಾಗಿ ಮೇಲಕ್ಕೆ ಕೊಟ್ಟ. ಅವುಗಳನ್ನು ಚೀಲಕ್ಕೆ ಹಾಕಿದವನು ರೈನಿಯರ್. ಬಾರೆಂಡ್ ಮಣಿಗಳನ್ನು ಬೂಟಿನ ಹಿಮ್ಮಡಿಯಲ್ಲಿ ಅರೆದು ಪುಡಿ ಮಾಡಿದ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಚೀಲ ಹೋಯಿತು, ಹಿಂದೆ ತಗಡಿನ ಮೇಲೆ ಫ್ಲೋರಿಸ್ ಹೋದ.

*

ಆ ದಿನ ಊಟಕ್ಕೆ ಕೆರೆಹೂವಿನ ಮೊಗ್ಗು ಹಾಕಿ ಬೇಯಿಸಿದ ಮಾಂಸದ ಸಾರು. ಹೊತ್ತು ಮೀರಿ ಆರಿಹೋಗಿದ್ದನ್ನು ಹೆಸ್ಟರ್ ಮತ್ತೆ ಕಾಸಿದ್ದಳು. ಬಾರೆಂಡ್ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದ, ಆಮೆನ್ ಅಂದ, ಬಡಿಸಿಕೊಂಡ.

"ಅವನು ಕುಡಿದಿದ್ದ. ಕಾಲು ಜಾರಿ ಬಿದ್ದ. ಕಲ್ಲು ತಾಗಿತು. ಸಾರೆಲ್?"

"ಕುಡಿದಿದ್ದ. ಬಿದ್ದ. ಕಲ್ಲು ತಾಗಿತು."

"ರೈನಿಯರ್?"

"ಹೂಂ."

"ಹೂಂ ಅಂದ್ರೆ?"

"ಬಿದ್ದ."

"ಪೂರ್ತಿ ಹೇಳು."

"ತಣ್ಣಗಾಗುತ್ತೆ, ಉಣ್ಣಿ," ಎಂದಳು ಹೆಸ್ಟರ್. ಅವಳ ಕೈಯಿಂದ ಸೌಟು ಜಾರಿ ಸಾರು ಮೇಜುಬಟ್ಟೆಯ ಮೇಲೆ ಹರಡಿತು. ಬಾರೆಂಡ್ ಅವಳ ಮಣಿಕಟ್ಟು ಹಿಡಿದು ಆ ಬಿಸಿ ಸಾರಿನ ಮೇಲೆ ಒತ್ತಿದ, ಮಾತಿಲ್ಲದೆ, ಗಂಜಿ ಕಲಸಿದಷ್ಟು ಸಹಜವಾಗಿ. ಅವಳೂ ಕೂಗಲಿಲ್ಲ.

ಸಂಜೆ ಹಿತ್ತಲಿನ ತೊಟ್ಟಿಯಲ್ಲಿ ಅವಳು ಗಂಡನ ಖಾಕಿ ಅಂಗಿ ಒಗೆಯುತ್ತಿದ್ದಳು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ರೈನಿಯರ್ ಪಕ್ಕದಲ್ಲಿ ಬಂದು ನಿಂತ.

"ತಣ್ಣೀರಲ್ಲೇ ತಿಕ್ಕಬೇಕು," ಎಂದಳು. "ಬಿಸಿನೀರು ಹಾಕಿದ್ರೆ ರಕ್ತ ಕೂತ್ಕೊಳುತ್ತೆ."

"ಮಾ, ನಾನು ಬೆಳಗ್ಗೆನೇ ಹೇಳಿದ್ರೆ..."

"ಏನು ಹೇಳ್ತಿದ್ದೆ?"

ಹೆಸ್ಟರ್ ಅಂಗಿಯನ್ನು ಹಿಂಡಿದಳು. "ನಿಮ್ಮಪ್ಪ ಜೈಲಿಗೆ ಹೋದ್ರೆ ಈ ಮನೆ ಸಾರೆಲ್ ಕೈಗೆ ಬರುತ್ತೆ. ಅವನ ಕೈಕೆಳಗೆ ನಾನು ಬದುಕ್ಲಾ? ನಿಮ್ಮಪ್ಪನಿಗೆ ಸಿಟ್ಟು ಬಂದ್ರೆ ನಂಗೆ ಗೊತ್ತಾಗುತ್ತೆ. ಸಾರೆಲ್‌ಗೆ ಸಿಟ್ಟೂ ಬರಲ್ಲ."

*

ಫ್ಲೋರಿಸ್ ಎಚ್ಚರಗೊಳ್ಳದೆ ಪಟ್ಟಣದ ಆಸ್ಪತ್ರೆಯಲ್ಲಿ ಆ ವಾರದ ಕೊನೆಗೆ ಸತ್ತ. ಸುದ್ದಿ ತಂದ ಪೊಲೀಸ್ ಸಾರ್ಜೆಂಟ್ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿದ, ದ್ರಾಕ್ಷಿಪಾಕ ಸವರಿದ ಬ್ರೆಡ್ ತಿಂದ. ವಿಚಾರಣೆ ಅಂತ ಒಂದಾಗುತ್ತೆ, ಬರೀ ಪದ್ಧತಿಗೆ, ಬಾರೆಂಡಣ್ಣ ತಲೆ ಕೆಡಿಸ್ಕೋಬೇಡಿ ಎಂದು ಹೇಳಿ ಹೋದ.

ಅವನ ಗಾಡಿ ಗೇಟು ದಾಟುವುದನ್ನೇ ಕಾಯುತ್ತಿದ್ದವಳಂತೆ ಔಮಾ ಎದ್ದುನಿಂತಳು.

"ಅವಳನ್ನ ಎಲ್ಲಿಟ್ಟಿದೀಯ?"

"ಯಾರನ್ನ?"

"ಗುಂಡಿಯಿಂದ ತೆಗೆದೆಯಲ್ಲ, ಅವಳನ್ನ."

"ಮೂಲಪುರುಷ ಪೆಟ್ಟಿಗೇಲಿದಾನೆ. ಔಮಾ ಸುಮ್ನೆ ಕೂತ್ಕೋಬೇಕು."

"ನಿಮ್ಮಪ್ಪ ಇದೇ ಮಾತಿಗೆ ನನ್ನ ಹಲ್ಲು ಉದುರಿಸಿದ್ದ ಬಾರೆಂಡ್. ಇಲ್ಲಿ ನೋಡು." ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದಳು. "ಯಾಕೆ ಕಲ್ಲಿಡ್ತೀಯ ಅಂತ ಕೇಳ್ದ. ನಿಮಗೆ ಗೊತ್ತಲ್ಲ ಅಂದೆ. ಅಷ್ಟೇ ಅಂದಿದ್ದು. ನೀನು ತೊಟ್ಟಿಲಲ್ಲಿದ್ದೆ."

"ನಂಗೇನೂ ಗೊತ್ತಿಲ್ಲ."

"ಗೊತ್ತಿಲ್ದೋನು ಆ ಹುಡುಗನ್ನ ಹೊಡೀತಿರ್ಲಿಲ್ಲ. ಅವನ ಜೊತೆ ನಗ್ತಿದ್ದ."

ಬಾರೆಂಡ್ ಬಾಯಿ ತೆರೆಯುವ ಮೊದಲೇ ಅವಳ ಊರುಗೋಲು ಅವನ ಹಣೆಗೆ ಬಿತ್ತು. ಎಂಬತ್ತರ ಮುದುಕಿಯ ಏಟು, ಆದರೂ ಚರ್ಮ ಸೀಳಿತು. ಎರಡನೇ ಏಟು ಹೆಗಲಿಗೆ. ಅವನು ಕೋಲನ್ನು ಕಿತ್ತುಕೊಂಡು ಮೊಣಕಾಲಿಗೆ ಹಾಕಿ ಮುರಿದ, ಒಲೆಯ ಬಾಗಿಲು ತೆರೆದು ಎರಡೂ ತುಂಡನ್ನು ಒಳಗೆ ಹಾಕಿದ. ಔಮಾ ಮೇಜು ಹಿಡಿದುಕೊಂಡು, ಕುರ್ಚಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು. ಸಹಾಯಕ್ಕೆ ಎದ್ದ ರೈನಿಯರ್‌ನ ಕೈಯನ್ನು ಕೊಡವಿದಳು.

"ನಿನ್ನ ಕೈ ಬೇಡ. ನಿನಗೂ ಗೊತ್ತಿತ್ತು. ಉಪ್ಪು ಕೇಳ್ದೆ."

*

ವಿಚಾರಣೆಯ ಹಿಂದಿನ ದಿನ, ಹಾಲಿನ ಕೊಟ್ಟಿಗೆಯ ಬಾಗಿಲಲ್ಲಿ ಫ್ಲೋರಿಸನ ಹೆಂಡತಿ ಕಾತ್ರೈನ್ ನಿಂತಿದ್ದಳು. ಬೆನ್ನಿಗೆ ಕಟ್ಟಿದ ಮಗು ನಿದ್ದೆ ಹೋಗಿತ್ತು.

"ಚಿಕ್ಕಬಾಸ್, ಮಾವ ನಾಳೆ ಹೇಳ್ತಾರಂತೆ. ಅವರ ಮಾತು ಅಲ್ಲಿ ನಡೆಯಲ್ಲ, ನಿಮಗೂ ಗೊತ್ತು, ನಂಗೂ ಗೊತ್ತು. ನಿಮ್ಮದು ಒಂದು ಮಾತು ಬೇಕು."

"ಕಾತ್ರೈನ್, ನಾನು..."

"ದೊಡ್ಡ ಬಾಸ್‌ನ ಜೈಲಿಗೆ ಹಾಕ್ಸಿ ಅಂತ ಕೇಳ್ತಿಲ್ಲ. ಹಾಕಲ್ಲ ಬಿಡಿ. ಆದ್ರೆ ಕುಡುದು ಬಿದ್ದು ಸತ್ತ ಅಂತ ಬರ್ಕೊಂಡ್ರೆ ಈ ಮಗೀಗೆ ನಾನೇನ್ ಹೇಳ್ಲಿ? ಅವನು ಅವತ್ತು ಮುಟ್ಟಿರ್ಲಿಲ್ಲ. ಆಸ್ಪತ್ರೇಲಿ ನಾನೇ ಬಾಯಿ ಮೂಸಿ ನೋಡ್ದೆ, ರಕ್ತ ಬಿಟ್ರೆ ಬೇರೆ ವಾಸ್ನೆ ಇರ್ಲಿಲ್ಲ."

"ನಾನೂ ನೋಡ್ದೆ. ಲೋಟ ಬಗ್ಗಿಸಿದ್ದು."

"ಹಂಗಾರೆ ಅಷ್ಟನ್ನೇ ಹೇಳಿ. ಕುಡೀಲಿಲ್ಲ, ಬೀಳಲಿಲ್ಲ. ಎರಡೇ ಮಾತು."

"ಹೇಳ್ತೀನಿ," ಎಂದ ರೈನಿಯರ್.

ಅವಳು ಅವನ ಮುಖವನ್ನು ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮಗುವನ್ನು ಮೇಲಕ್ಕೆ ಜಗ್ಗಿಕೊಂಡು ಹೋದಳು.

ಕೊಟ್ಟಿಗೆಯ ಹಿಂದಿನಿಂದ ಸಾರೆಲ್ ಬಂದ. ಬಂದವನೇ ಬಾಗಿಲು ಹಾಕಿದ. ಮೊದಲ ಗುದ್ದಿಗೆ ಹಾಲಿನ ಕ್ಯಾನು ಉರುಳಿತು. ರೈನಿಯರ್ ಹಾಲಿನಲ್ಲಿ ಬಿದ್ದ. ಸಾರೆಲ್ ಆತುರಪಡಲಿಲ್ಲ. ಪಕ್ಕೆಗೆ, ಪಕ್ಕೆಗೆ, ಆಮೇಲೆ ಹೊಟ್ಟೆಗೆ, ಎಲ್ಲಿ ಒದ್ದರೆ ಏನಾಗುತ್ತದೆ ಎಂದು ಬಲ್ಲವನ ಒದೆತ. ಕೂದಲು ಹಿಡಿದು ನೀರಿನ ತೊಟ್ಟಿಗೆ ತಲೆ ಅದುಮಿದ, ಬಿಟ್ಟ, ಮತ್ತೆ ಅದುಮಿದ. ಮೂರನೇ ಸಲ ಎತ್ತಿದಾಗ ಮಾತಾಡಿದ.

"ಗಡೀಲಿ ನಾನು ಇದಕ್ಕಿಂತ ಹೆಚ್ಚು ನೋಡಿದೀನಿ ತಮ್ಮಾ. ಮಾಡಿದೀನಿ. ವಾಪಸ್ ಬಂದಾಗ ಈ ಮನೇಲಿ ಯಾರೂ ಕೇಳಲಿಲ್ಲ. ನೀನು ಓದಿರೋನು, ನೀನೂ ಕೇಳಲಿಲ್ಲ. ನನ್ನ ವಿಷಯದಲ್ಲಿ ಸುಮ್ನಿದ್ಯಲ್ಲ, ಅದೇ ಥರ ನಾಳೇನೂ ಇರು."

ಜೇಬಿನಿಂದ ಕರ್ಚೀಫು ತೆಗೆದು ತಮ್ಮನ ಮೂಗಿನ ರಕ್ತ ಒರೆಸಿದ. ಉರುಳಿದ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ ಹೋದ.

ಊಟದ ಹೊತ್ತಿಗೆ ರೈನಿಯರ್‌ನ ಒಂದು ಕಣ್ಣು ಮುಚ್ಚಿಹೋಗಿತ್ತು.

"ಏನಾಯ್ತೋ?" ಎಂದ ಬಾರೆಂಡ್.

"ಬಿದ್ದೆ."

ಆ ವಾರವೆಲ್ಲ ಮೇಜಿಗೆ ಬಾರದಿದ್ದ ಔಮಾ ಅಂದು ಬಂದು ಕೂತಿದ್ದಳು. ತಟ್ಟೆಯ ಮೇಲಿಂದ ಕಣ್ಣೆತ್ತದೆ ಹೇಳಿದಳು, "ಈ ಮನೇಲಿ ಎಲ್ರೂ ಬೀಳ್ತಿದಾರೆ. ನೆಲ ಸರಿಯಿಲ್ಲ ಅಂತ ಕಾಣುತ್ತೆ."

*

ನ್ಯಾಯಾಧೀಶ ಸಂಭಾವಿತ ಮನುಷ್ಯ. ಮೊದಲು ಅಪೋಲ್‌ನನ್ನು ಕರೆದ. ಮುದುಕ ಟೋಪಿ ಹಿಸುಕುತ್ತ ನಿಂತು, ಬಾಸ್ ಹೊಡೆದ್ರು, ಹಾರೆಯಲ್ಲಿ ಹೊಡೆದ್ರು ಎಂದ.

"ನೀನು ಆ ದಿನ ವೈನ್ ಕುಡಿದಿದ್ದೆಯಾ?"

"ಹೌದು ಬಾಸ್."

"ಎಷ್ಟು?"

"ಎರಡು ಲೋಟ ಬಾಸ್. ಒಂದು ನಂದು, ಇನ್ನೊಂದು ಮಗಂದು. ಅವನು ಬ್ಯಾಡ ಅಂದ."

ಬೆಂಚಿನಲ್ಲಿ ಕೂತಿದ್ದ ರೈತರು ಕಿಸಕ್ಕನೆ ನಕ್ಕರು. ನ್ಯಾಯಾಧೀಶನೂ ಮುಗುಳ್ನಕ್ಕ. "ಆಯ್ತು, ಹೋಗು."

ಮುಂದೆ ಬಾರೆಂಡ್, ಆಮೇಲೆ ಸಾರೆಲ್. ಒಂದೇ ಮಾತನ್ನು ಒಂದೇ ಕ್ರಮದಲ್ಲಿ ಹೇಳಿದರು. ಕೊನೆಗೆ ರೈನಿಯರ್. ಪಕ್ಕೆ ಚುಚ್ಚುತ್ತಿದ್ದುದರಿಂದ ನೆಟ್ಟಗೆ ನಿಲ್ಲಲಾಗಲಿಲ್ಲ. ನ್ಯಾಯಾಧೀಶ ಕುರ್ಚಿ ಹಾಕಿಸಿದ.

"ವಂಶಾವಳಿ ಬರೀತಿರೋನು ನೀನೇ ಅಂತೆ? ಸಂತೋಷ. ನಮ್ಮ ತಾಯಿ ಕಡೆಯವರೂ ದು ಮಾರ್ನೆಗಳೇ. ಹಬ್ಬಕ್ಕೆ ಬರ್ತೀವಿ." ಕನ್ನಡಕ ಸರಿಮಾಡಿಕೊಂಡ. "ಹೇಳಪ್ಪ, ಫ್ಲೋರಿಸ್ ಬಿದ್ದಾಗ ನೀನು ಏನು ನೋಡಿದೆ?"

ಪ್ರಶ್ನೆಯಲ್ಲೇ ಫ್ಲೋರಿಸ್ ಬಿದ್ದುಬಿಟ್ಟಿದ್ದ. ಹಿಂದಿನ ಗೋಡೆಗೊರಗಿ, ಅವರ ಜನ ನಿಲ್ಲುವ ಕಡೆ, ಕಾತ್ರೈನ್ ನಿಂತಿದ್ದಳು. ಮಗು ಅವಳ ಕತ್ತಿನ ಬಳಿ ಕೈಯಾಡಿಸುತ್ತಿತ್ತು. ಬಾರೆಂಡ್ ಮಗನನ್ನು ನೋಡುತ್ತಿರಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಕೋಣೆಯಲ್ಲಿ ಯಾರೋ ಕೆಮ್ಮಿದರು. ರೈನಿಯರ್‌ಗೆ ಮೌನ ಹೊಸದಲ್ಲ, ಅದರೊಳಗೆ ಹೇಗೆ ಕೂರಬೇಕೆಂದು ಅವನಿಗೆ ಚೆನ್ನಾಗಿ ತಿಳಿದಿತ್ತು.

"ನಾನು ಆ ಹೊತ್ತಿಗೆ ಕಲ್ಲುಗಳನ್ನು ನೋಡುತ್ತಿದ್ದೆ," ಎಂದ.

"ಅಂದರೆ ನೋಡಲಿಲ್ಲ."

ಅವನು ತಲೆ ತಗ್ಗಿಸಿದ. ಅದನ್ನು ಹೌದು ಎಂದು ಬರೆದುಕೊಂಡರು.

ಹೊರಗೆ ಕಾತ್ರೈನ್ ಎದುರಾದಳು. ಬಯ್ಯುತ್ತಾಳೆಂದುಕೊಂಡ. ಅವಳು ಅವನ ಊದಿದ ಮುಖಕ್ಕೆ ಉಗುಳಿದಳು. ಸಾರೆಲ್ ಎರಡು ಹೆಜ್ಜೆಯಲ್ಲಿ ಬಂದು ಮಗು ಬೆನ್ನ ಮೇಲಿರುವಂತೆಯೇ ಅವಳ ಕೆನ್ನೆಗೆ ಬಾರಿಸಿದ. ಅಪೋಲ್ ನಡುವೆ ಬಂದ, ಅವನಿಗೂ ಬಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ಸಾರ್ಜೆಂಟ್, "ಬೀದೀಲಿ ಬೇಡ ಸಾರೆಲ್, ಬೀದೀಲಿ ಬೇಡ," ಎಂದ.

*

ಹಬ್ಬದ ಮುನ್ನಾದಿನ ಅಂಗಳ ಕಸಾಯಿಖಾನೆಯಾಯಿತು. ನೀಲಗಿರಿ ಮರದ ಕೊಂಬೆಗೆ ಕುರಿಗಳನ್ನು ತಲೆಕೆಳಗಾಗಿ ನೇತುಹಾಕಿ ಸಾರೆಲ್ ಒಂದರ ಹಿಂದೊಂದು ಕೊಯ್ದ. ಹೆಸ್ಟರ್ ಬೋಗುಣಿಗಳಲ್ಲಿ ಕರುಳು, ಯಕೃತ್ತು ಹೊತ್ತು ಓಡಾಡಿದಳು. ಬಾತುಗಳ ಕತ್ತು ತಿರುಚುವುದು ರೈನಿಯರ್‌ನ ಪಾಲಿಗೆ ಬಂತು. ಮೊದಲನೆಯದನ್ನು ಅರೆಜೀವ ಮಾಡಿ ಬಿಟ್ಟ. ಅದು ರೆಕ್ಕೆ ಬಡಿಯುತ್ತ ಸ್ಮಾರಕದ ಸುತ್ತ ಓಡಿ ಕಪ್ಪು ಕಲ್ಲಿಗೆ ರಕ್ತ ಹಚ್ಚಿತು. ಬಾರೆಂಡ್ ಹಿಡಿದು, ತಿರುಚಿ, ಬಿಸಾಡಿದ. "ಶುರು ಮಾಡಿದ್ದನ್ನ ಮುಗಿಸಬೇಕು ಕಣೋ," ಎಂದ, ಬುದ್ಧಿ ಹೇಳುವ ದನಿಯಲ್ಲಿ.

ಮರುದಿನ ಕಾರುಗಳ ಸಾಲು ರಸ್ತೆಯವರೆಗೆ ನಿಂತಿತು. ಪಾದ್ರಿ ಪ್ರಾರ್ಥಿಸಿದ. ಹೊಳೆಯುವ ಪೆಟ್ಟಿಗೆಯನ್ನು ಆರು ಮಂದಿ ದು ಮಾರ್ನೆಗಳು ಹೊತ್ತು ಸ್ಮಾರಕದ ಬುಡಕ್ಕೆ ಇಳಿಸಿದರು. ಮೂಲಪುರುಷ ಇಷ್ಟು ಹಗುರ ಇದ್ದನೇ ಎಂದು ಒಬ್ಬ ತಮಾಷೆ ಮಾಡಿದ. ಔಮಾ ಕೋಣೆಯ ಬಾಗಿಲು ತೆರೆಯಲಿಲ್ಲ. ಕೀರ್ತನೆ ಹಾಡುವಾಗ ಬಾರೆಂಡನ ಕಣ್ಣಿಂದ ನೀರು ಹರಿಯಿತು. ಅದು ನಿಜವಾದ ನೀರು, ರೈನಿಯರ್ ಹತ್ತಿರದಿಂದ ನೋಡಿದ.

ಆಮೇಲೆ ವಂಶಾವಳಿ ಓದುವ ಸರದಿ ಅವನದು. ಎತಿಯೆನ್ ಮತ್ತು ಮಾರ್ಗರೀತ. ಅವರ ಮಗ ಯಾಕೋಬ. ಯಾಕೋಬನ ಮಕ್ಕಳು. ದನಿ ಎಲ್ಲೂ ನಡುಗಲಿಲ್ಲ.

ಮಾಂಸ ಸ್ವಾಹಾ ಮಾಡುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಕೂಗಿ ಕೇಳಿದಳು, "ಏ ಹುಡುಗಾ, ಎವಾ ಅನ್ನೋ ಹೆಸರು ನಮ್ಮನೇಲೂ ಇದೆ, ನಮ್ಮಕ್ಕನ ಮನೇಲೂ ಇದೆ. ಎಲ್ಲಿಂದ ಬಂತಪ್ಪ ಅದು?"

ಬಾರೆಂಡ್ ಎದ್ದುನಿಂತ.

"ಬೈಬಲಿನ ಮೊದಲ ಹೆಂಗಸಿನಿಂದ, ಚಿಕ್ಕಮ್ಮ," ಎಂದ ರೈನಿಯರ್.

ಎಲ್ಲರೂ ನಕ್ಕರು. ಬಾರೆಂಡ್ ಕೂತ.

ಹಬ್ಬ ಮುಗಿದ ಸೋಮವಾರ ಅಪೋಲ್‌ನ ಮನೆಯನ್ನು ಖಾಲಿ ಮಾಡಿಸಿದರು. ಲಾರಿಯಲ್ಲಿ ಒಂದು ಮಂಚ, ಕಬ್ಬಿಣದ ಒಲೆ, ಎರಡು ಕೋಳಿ, ಮುದುಕ, ಕಾತ್ರೈನ್ ಮತ್ತು ಮಗು. ಎಲ್ಲಿಗೆ ಹೋಗುತ್ತಾರೆಂದು ಯಾರೂ ಕೇಳಲಿಲ್ಲ. ರಸ್ತೆಯ ಗೇಟು ತೆರೆಯಲು ಬಾರೆಂಡ್ ರೈನಿಯರ್‌ನನ್ನು ಕಳಿಸಿದ. ಅವನು ಸರಪಳಿ ಬಿಚ್ಚಿ ಗೇಟನ್ನು ಎಳೆದು ಹಿಡಿದು ನಿಂತ. ಲಾರಿ ನಿಧಾನವಾಗಿ ದಾಟಿತು. ಕೈಯಳತೆಯ ದೂರದಲ್ಲಿ ಕಾತ್ರೈನ್ ಮಂಚದ ಮೇಲೆ ಕೂತಿದ್ದಳು, ಅವನನ್ನು ನೋಡಲಿಲ್ಲ. ಅವನು ಗೇಟು ಹಾಕಿ ಸರಪಳಿ ಸಿಕ್ಕಿಸಿ ಮನೆಗೆ ನಡೆದ. ಊಟಕ್ಕೆ ಉಳಿದ ಕುರಿಮಾಂಸವಿತ್ತು.

ಮುಂದೆ ಅವನು ಬೇರೆ ಊರಿನಲ್ಲಿ ಮೇಷ್ಟ್ರಾದ, ಮದುವೆಯಾದ, ಎರಡನೇ ಮಗಳಿಗೆ ಪದ್ಧತಿಯಂತೆ ತನ್ನ ತಾಯಿಯ ಹೆಸರಿಟ್ಟ. ಅಪ್ಪ ಸತ್ತ ಮೇಲೂ, ಬಿಳಿಯರ ಆಳ್ವಿಕೆ ಮುಗಿದು ದೇಶದಲ್ಲಿ ಕಾನೂನುಗಳು ಬದಲಾದ ಮೇಲೂ, ಹಳೆಯ ಕೊಲೆಗಳ ಬಗ್ಗೆ ಕೇಳುವವರು ಹುಡುಕಿಕೊಂಡು ಬಂದ ಮೇಲೂ, ಫ್ಲೋರಿಸ್ ಬೀಳಲಿಲ್ಲ, ನನ್ನ ಅಪ್ಪ ಅವನನ್ನು ಕೊಂದ ಎಂದು ಅವನು ಯಾರಿಗೂ ಹೇಳಲಿಲ್ಲ.